ಎಂಜಿನ್ ಕೆಳಗಿನ ಪ್ಲೇಟು

ಒಂದು ಹಳೆಯ ಹಡಗಿನ ತಳದ ದಪ್ಪ ಅಳೆಯಬೇಕು ಎಂದು ಆಫೀಸಿನಲ್ಲಿ ಕೇಳಿದಾಗ ನಾನು ‘ಆಯಿತು’ ಎಂದುಬಿಟ್ಟೆ. ನನ್ನ ಕೆಲಸ ಟ್ಯಾಂಕುಗಳದ್ದು. ಎಣ್ಣೆ ತುಂಬಿಡುವ ದೊಡ್ಡ ಉಕ್ಕಿನ ಟ್ಯಾಂಕುಗಳ ಗೋಡೆಯನ್ನು ತುಕ್ಕು ಎಷ್ಟು ತಿಂದಿದೆ ಎಂದು ಅಳೆದು ಬರೆದುಕೊಡುವವಳು ನಾನು. ಹಡಗುಗಳನ್ನು ನೋಡಿಕೊಳ್ಳುವ ಸಹೋದ್ಯೋಗಿ ರಜೆಯಲ್ಲಿದ್ದ. ಉಕ್ಕು ಎಲ್ಲಿದ್ದರೂ ಉಕ್ಕೇ ಅಲ್ಲವೇ, ಅದರಲ್ಲೇನು ಮಹಾ ಎಂದುಕೊಂಡೆ. ಈ ‘ಏನು ಮಹಾ’ ನನ್ನ ಹುಟ್ಟುಗುಣ. ಮೈಸೂರಿನಲ್ಲಿ ಇದಕ್ಕಾಗಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ. ಇಲ್ಲಿ ಬೈಯುವವರಿಲ್ಲದೆ ಅದು ಇನ್ನಷ್ಟು ಬೆಳೆದಿದೆ.

ಹಡಗು ಅಮೆರಿಕದ ಪಶ್ಚಿಮ ಕರಾವಳಿಯ ಓಕ್ಲ್ಯಾಂಡಿನ ಕಂಟೇನರ್ ಬಂದರಿನಿಂದ ಸ್ವಲ್ಪ ಆಚೆ, ಒಂದು ಕಿರಿದಾದ ಕಾಲುವೆಯಲ್ಲಿ ಕಟ್ಟಿ ನಿಂತಿತ್ತು. ನಾರ್ವೆಯಲ್ಲಿ ಕಟ್ಟಿದ ಕಾರ್ ಫೆರಿ. ಎರಡೂ ತುದಿಗಳಲ್ಲಿ ಬಾಗಿಲು. ಈ ದಡದಲ್ಲಿ ಒಂದು ತುದಿಯಿಂದ ಹತ್ತಿದ ಕಾರುಗಳು ಆ ದಡದಲ್ಲಿ ಇನ್ನೊಂದು ತುದಿಯಿಂದ ಇಳಿಯುತ್ತಿದ್ದವು. ಯಾರೂ ರಿವರ್ಸ್ ತೆಗೆಯಬೇಕಿರಲಿಲ್ಲ. ಸಮುದ್ರ ಬೆಟ್ಟಗಳ ನಡುವೆ ನುಗ್ಗಿದ ಕಡೆ ಒಂದು ದಡದಿಂದ ಇನ್ನೊಂದಕ್ಕೆ ದಿನವಿಡೀ ಓಡಾಡುವುದೇ ಅದರ ಕೆಲಸವಾಗಿತ್ತು. ಅಲ್ಲಿ ಸೇತುವೆ ಬಂದ ಮೇಲೆ ಕೆಲಸ ಹೋಯಿತು. ಕೆಲವು ವರ್ಷ ಪ್ರವಾಸಿಗಳನ್ನು ಸುತ್ತಾಡಿಸಿ, ಕೈಯಿಂದ ಕೈಗೆ ಮಾರಾಟವಾಗಿ, ಪನಾಮಾ ಕಾಲುವೆ ದಾಟಿ ಕೊನೆಗೆ ಇಲ್ಲಿಗೆ ಬಂತು. ಈಗ ಕಾರುಗಳು ನಿಲ್ಲುತ್ತಿದ್ದ ಡೆಕ್ಕಿನಲ್ಲಿ ಮಡಕೆ ಮಾಡುವ ಚಕ್ರಗಳು, ಮಡಕೆ ಸುಡುವ ಎರಡು ಗೂಡೊಲೆ, ಕಬ್ಬಿಣದ ತುಂಡುಗಳಿಂದ ಮಾಡಿದ ಒಂದು ಎತ್ತರದ ಕೊಕ್ಕರೆ ಇದ್ದವು. ಹಡಗಿನ ಒಡತಿ ಅರವತ್ತರ ಹತ್ತಿರದ ಅಮೆರಿಕನ್ ಹೆಂಗಸು, ಕುಂಬಾರಿಕೆ ಕಲಿಸುವವಳು. ಹಡಗೇ ಅವಳ ಮನೆ.

ಅವಳ ಕಷ್ಟ ಹೀಗಿತ್ತು. ಆ ತಿಂಗಳು ಮುಗಿಯುವುದರೊಳಗೆ ಜಾಗ ಖಾಲಿ ಮಾಡಬೇಕೆಂದು ಬಂದರಿನವರು ನೋಟಿಸು ಕೊಟ್ಟಿದ್ದರು. ಕೊಲ್ಲಿಯ ಉತ್ತರಕ್ಕಿರುವ ಒಂದು ಯಾರ್ಡಿನವರು ಹಡಗನ್ನು ನೀರಿನಿಂದ ಎತ್ತಿ ರಿಪೇರಿ ಮಾಡಲು ಒಪ್ಪಿದ್ದರು. ಅಲ್ಲಿಯವರೆಗೆ ಟಗ್ ಬೋಟಿನಿಂದ ಎಳೆದುಕೊಂಡು ಹೋಗಬೇಕು. ಎಳೆಯಲು ವಿಮೆ ಬೇಕು. ವಿಮೆಯ ಸರ್ವೇಯರು ಒಂದೇ ಷರತ್ತು ಹಾಕಿದ್ದ: ನೀರಿನಡಿಯ ಪ್ಲೇಟು ಎಲ್ಲೂ ಐದು ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಕಟ್ಟಿದಾಗ ಅದು ಎಂಟು ಮಿಲಿಮೀಟರ್ ಇತ್ತು. ಐದಕ್ಕಿಂತ ಮೇಲಿದ್ದರೆ ಹಡಗು ಯಾರ್ಡಿಗೆ ಹೋಗುತ್ತದೆ, ಇಲ್ಲದಿದ್ದರೆ ನಿಂತಲ್ಲೇ ಗುಜರಿಗೆ ತುಂಡಾಗುತ್ತದೆ. ಅದನ್ನು ಹೇಳಬೇಕಾದವಳು ನಾನು.

ಅಳೆಯುವ ವಿಧಾನ ಸರಳ. ನಾಣ್ಯದಷ್ಟು ದೊಡ್ಡದಾದ ಪ್ರೋಬನ್ನು ಪ್ಲೇಟಿಗೆ ಒತ್ತಿ ಹಿಡಿಯಬೇಕು. ಅದು ಕಿವಿಗೆ ಕೇಳದ ಶಬ್ದವನ್ನು ಉಕ್ಕಿನೊಳಗೆ ಕಳಿಸುತ್ತದೆ. ಶಬ್ದ ಆಚೆ ಬದಿಗೆ ತಾಗಿ ವಾಪಸು ಬರುತ್ತದೆ. ಬರಲು ಹಿಡಿದ ಸಮಯದಿಂದ ಯಂತ್ರ ದಪ್ಪವನ್ನು ಲೆಕ್ಕ ಹಾಕಿ ಅಂಕಿ ತೋರಿಸುತ್ತದೆ. ಕಷ್ಟವಿರುವುದು ಅದಕ್ಕೆ ಮೊದಲಿನ ಕೆಲಸದಲ್ಲಿ. ಬಣ್ಣ ಮತ್ತು ತುಕ್ಕಿನ ಹಕ್ಕಳೆ ಕೆರೆದು, ಗ್ರೈಂಡರಿನಿಂದ ಬೆಳ್ಳಗೆ ಉಜ್ಜಿ, ಶಬ್ದ ಉಕ್ಕಿಗೆ ದಾಟಲೆಂದು ಜೆಲ್ಲು ಹಚ್ಚಬೇಕು. ತಳದ ಕಿಷ್ಕಿಂಧೆಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಇದನ್ನು ಒಂದೊಂದು ಅಂಕಿಗೂ ಮಾಡಬೇಕು.

ಮೊದಲ ದಿನ ಅಭ್ಯಾಸಕ್ಕೆಂದು ಕಾರ್ ಡೆಕ್ಕನ್ನು ಅಳೆದೆ. ಅದನ್ನು ಯಾರೂ ಕೇಳಿರಲಿಲ್ಲ. ಡೆಕ್ಕಿನ ಉದ್ದಕ್ಕೂ ಜೋಡಿ ಜೋಡಿಯಾಗಿ ತೆಳುವಾದ ಪಟ್ಟಿಗಳು ಸಿಕ್ಕವು. ಚಕ್ರಗಳು ಉರುಳಿದ ಜಾಡು. ಆ ದೇಶದಲ್ಲಿ ಚಳಿಗಾಲಕ್ಕೆ ಟೈರಿಗೆ ಮೊಳೆ ಹಾಕುತ್ತಾರೆ. ಆ ಮೊಳೆಗಳು ಉಕ್ಕನ್ನೇ ಸವೆಸಿದ್ದವು. ಎಡಬದಿಯ ಜಾಡು ಇನ್ನೂ ಆಳ, ಲಾರಿಗಳು ಆ ಕಡೆ ನಿಲ್ಲುತ್ತಿದ್ದವಂತೆ. ಬಾಗಿಲ ಹತ್ತಿರದ ತಿರುವಿನಲ್ಲಿ ಎಲ್ಲರೂ ಬ್ರೇಕು ಹಾಕುತ್ತಿದ್ದ ಒಂದು ಜಾಗವಿತ್ತು. ಎಷ್ಟು ಜನರ ಅವಸರ ಇದರ ಮೈಮೇಲೆ ಹಾದುಹೋಗಿದೆ ಎನಿಸಿ ನನಗೆ ಹಡಗಿನ ಮೇಲೆ ಪ್ರೀತಿ ಬಂತು. ಅಳೆಯುವವಳಿಗೆ ಅದು ಬರಬಾರದಿತ್ತು.

ಎರಡನೇ ದಿನ, ಶನಿವಾರ, ಎಂಜಿನ್ ರೂಮಿಗೆ ಇಳಿದೆ. ಏಣಿಯ ಕೊನೆಯ ಮೆಟ್ಟಿಲಲ್ಲಿದ್ದಾಗ ಕೆಳಗೆ ಸ್ಪ್ಯಾನರು ಬಿದ್ದ ಸದ್ದು ಕೇಳಿಸಿತು, ಅದರ ಹಿಂದೆಯೇ, “ಥೋ! ಇದಕ್ಕೆ ಎಂತ ಆಗಿದೆ ಮಾರಾಯ!”

ನಾನು ನಕ್ಕುಬಿಟ್ಟೆ. “ಏನಾಯ್ತು ಸರ್?” ಎಂದೆ.

ಎಂಜಿನ್ನಿನ ಹಿಂದಿನಿಂದ ಬಿಳಿ ಮೀಸೆಯ ಒಂದು ಮುಖ ಎದ್ದಿತು. ಬಾಯ್ಲರ್ ಸೂಟು, ತಲೆಗೆ ಕಟ್ಟಿದ ಟವಲು, ಎಪ್ಪತ್ತು ದಾಟಿದ ವಯಸ್ಸು. “ಕನ್ನಡವಾ? ಯಾವ ಊರು ನಿಮ್ಮದು?”

“ಮೈಸೂರು.”

“ನಂದು ಮಲ್ಪೆ. ಈ ಹೊಂಡದಲ್ಲಿ ಕನ್ನಡದವರು ಸಿಗ್ತಾರೆ ಅಂತ ಯಾರು ಎಣಿಸ್ತಾರೆ ಹೇಳಿ!”

ವ್ಯಾಪಾರಿ ಹಡಗುಗಳಲ್ಲಿ ಚೀಫ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಹಡಗಿನಲ್ಲಿ ಎಲ್ಲರೂ ಅವರನ್ನು ಚೀಫ್ ಎಂದೇ ಕರೆಯುತ್ತಿದ್ದರು. ಮೌಂಟನ್ ವ್ಯೂನಲ್ಲಿ ಮಗಳ ಮನೆ. ಪ್ರತಿ ಶನಿವಾರ ಎರಡು ರೈಲು ಬದಲಾಯಿಸಿ, ಕೊನೆಯ ಮೂರು ಮೈಲಿ ಸೈಕಲ್ಲು ತುಳಿದು ಇಲ್ಲಿಗೆ ಬರುತ್ತಿದ್ದರು. ಆರು ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್ನು ಜಾಮ್ ಆಗದಂತೆ ನೋಡಿಕೊಳ್ಳುವುದು ಅವರು ತಾವಾಗಿಯೇ ಹೊತ್ತುಕೊಂಡ ಕೆಲಸ. ಮೊದಲು ಕೈಪಂಪಿನಿಂದ ಎಣ್ಣೆ ಹತ್ತಿಸುತ್ತಿದ್ದರು. ಸಿಲಿಂಡರಿನ ತಲೆಯ ಸಣ್ಣ ನಲ್ಲಿಗಳನ್ನು ಬಿಚ್ಚಿ ನೀರು ಬರುತ್ತದೆಯೇ ಎಂದು ನೋಡುತ್ತಿದ್ದರು. ಆಮೇಲೆ ಫ್ಲೈವೀಲಿನ ತೂತಿಗೆ ಉದ್ದದ ಸಲಾಕೆ ಕೊಟ್ಟು, ಇಡೀ ದೇಹದ ಭಾರ ಹಾಕಿ, ಎಂಜಿನ್ನನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಮುಂದಿನ ವಾರ ಬೇರೆ ಜಾಗದಲ್ಲಿ ನಿಲ್ಲುವಂತೆ ಕಾಲು ಸುತ್ತು ಹೆಚ್ಚು ಕೊಡುತ್ತಿದ್ದರು. ಎಂಟು ವರ್ಷದಿಂದ ಒಂದು ಶನಿವಾರವೂ ತಪ್ಪಿಲ್ಲ. ಆ ಎಂಟು ವರ್ಷದಲ್ಲಿ ಎಂಜಿನ್ನು ಒಮ್ಮೆಯೂ ಚಾಲೂ ಆಗಿಲ್ಲ. ಎಂಜಿನ್ನನ್ನು ತಂಪಾಗಿಡಲು ಸಮುದ್ರದ ನೀರು ಒಳಬಿಡುವ ತಳದ ವಾಲ್ವುಗಳು ಕೆಟ್ಟಿವೆ, ಹಡಗನ್ನು ನೀರಿನಿಂದ ಎತ್ತದೆ ಅವುಗಳನ್ನು ಬದಲಾಯಿಸಲು ಬರುವುದಿಲ್ಲ.

“ಯಾರ್ಡಿಗೆ ಹೋಗ್ಲಿ ಒಮ್ಮೆ,” ಎಂದರು. “ವಾಲ್ವ್ ಹಾಕಿ, ಗಾಳಿ ಕೊಟ್ಟು ಸ್ಟಾರ್ಟ್ ಮಾಡಿದ್ರೆ ಒಂದೇ ಏಟಿಗೆ ಹಿಡೀತದೆ. ಇದರ ಸ್ವರ ಕೇಳ್ಬೇಕು ನಂಗೆ. ಮತ್ತೆ ಬೇರೆ ಎಂತದೂ ಬೇಡ.”

ಆ ದಿನ ಅವರು ಕೆರೆದರು, ನಾನು ಅಳೆದೆ. ಏಳು ಪಾಯಿಂಟ್ ಒಂದು, ಆರು ಪಾಯಿಂಟ್ ಎಂಟು, ಏಳು. ಅಂಕಿ ಕೂಗಿದಂತೆಲ್ಲ ಅವರ ಮೀಸೆ ಅಗಲವಾಗುತ್ತಿತ್ತು. ಎಂಜಿನ್ನಿನ ಕೆಳಗಿನ ಒಂದು ಪ್ಲೇಟು ಮಾತ್ರ ಐದು ಪಾಯಿಂಟ್ ಆರು, ಐದು ಪಾಯಿಂಟ್ ನಾಲ್ಕು, ಹೀಗೆ ಅಂಚಿನಲ್ಲಿತ್ತು. ಆದರೂ ಐದಕ್ಕಿಂತ ಮೇಲೆಯೇ. ಅವರು ಸುತ್ತಿಗೆಯಿಂದ ಅದನ್ನು ಮೆಲ್ಲಗೆ ತಟ್ಟಿದರು. ಟಣ್ ಎನ್ನುವ ಬದಲು ಅದು ಡಬ್ ಎಂದಿತು. “ಇದೊಂದು ಮೊದಲಿಂದ್ಲೂ ಹೀಗೆಯೇ, ಮೊದ್ದು,” ಎಂದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಡತಿಗೆ ಪಾಸಾಗುತ್ತದೆ ಎಂದು ಹೇಳಿಯೇಬಿಟ್ಟೆ. ಅವಳು ನನ್ನನ್ನು ತಬ್ಬಿಕೊಂಡಳು, ನನ್ನ ಅಂಗಿಯ ತುಕ್ಕೆಲ್ಲ ಅವಳಿಗೆ ಅಂಟಿತು.

ಕೆಲಸ ಶುರುಮಾಡುವ ಮೊದಲು ಮತ್ತು ಮುಗಿಸಿದ ಮೇಲೆ, ಎರಡು ಸಲವೂ ಯಂತ್ರವನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಒಂದು ಉಕ್ಕಿನ ತುಂಡಿರುತ್ತದೆ. ಪ್ರತಿ ಮೆಟ್ಟಿಲಿನ ದಪ್ಪವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ. ಅದನ್ನು ಅಳೆದು ಸರಿಯಾಗಿದೆಯೇ ಎಂದು ನೋಡುವುದು. ಆ ಶನಿವಾರ ಬೆಳಿಗ್ಗೆ ದಪ್ಪದ ಮೆಟ್ಟಿಲುಗಳನ್ನು ಮಾತ್ರ ನೋಡಿದ್ದೆ, ಟ್ಯಾಂಕಿನವರ ಅಭ್ಯಾಸ. ನಮ್ಮ ಗೋಡೆಗಳು ತೆಳ್ಳಗಿರುವುದಿಲ್ಲ. ಸಂಜೆ ನೋಡಲೇ ಇಲ್ಲ. ಚೀಫ್ ಮನೆಯಿಂದ ತಂದಿದ್ದ ಅವಲಕ್ಕಿಯನ್ನು ಅವರ ಜೊತೆ ತಿನ್ನುತ್ತ ಕೂತಿದ್ದೆ.

ಸೋಮವಾರ ಆಫೀಸಿನಲ್ಲಿ ವರದಿ ಬರೆಯುವ ಮೊದಲು, ಮನಸ್ಸಿಗೆ ಚುರುಕ್ ಎಂದು, ಎಲ್ಲ ಮೆಟ್ಟಿಲುಗಳನ್ನೂ ಅಳೆದೆ. ಹತ್ತು ಹತ್ತು ಎಂದಿತು, ಐದು ಐದು ಎಂದಿತು. ಎರಡೂವರೆಯ ಮೆಟ್ಟಿಲಿಗೆ ಬಂದಾಗ ಯಂತ್ರ ಐದು ಎಂದು ತೋರಿಸಿತು.

ನಮ್ಮ ದೊಡ್ಡ ಪ್ರೋಬಿನ ದೋಷ ಅದು, ಪುಸ್ತಕದಲ್ಲಿ ಓದಿದ್ದೆ, ಎಂದೂ ಕಂಡಿರಲಿಲ್ಲ. ಪ್ಲೇಟು ಬಹಳ ತೆಳ್ಳಗಿದ್ದರೆ ಶಬ್ದ ಬೇಗನೆ ವಾಪಸು ಬಂದುಬಿಡುತ್ತದೆ. ಆ ಮೊದಲ ಮರುದನಿ ಪ್ರೋಬಿನ ಕೈತಪ್ಪಿ, ಎರಡನೆಯದನ್ನು ಹಿಡಿದು, ಇರುವುದರ ಎರಡರಷ್ಟನ್ನು ತೋರಿಸುತ್ತದೆ. ಹಾಗಾದರೆ ಎಂಜಿನ್ ಕೆಳಗಿನ ನನ್ನ ಐದು ಪಾಯಿಂಟ್ ನಾಲ್ಕು, ನಿಜದಲ್ಲಿ ಎರಡು ಪಾಯಿಂಟ್ ಏಳೂ ಆಗಿರಬಹುದು.

ವರದಿ ಇನ್ನೂ ಕಳಿಸಿರಲಿಲ್ಲ. ಅದೇ ಅಂಕಿಗಳನ್ನು ಬರೆದು ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎಳೆಯುವಾಗ ಚೀಫ್ ಎಂಜಿನ್ ರೂಮಿನಲ್ಲೇ ಇರುವುದೆಂದು ನಿಶ್ಚಯವಾಗಿತ್ತು, ಪಂಪುಗಳನ್ನು ನೋಡಿಕೊಳ್ಳಲು. ಕೊಲ್ಲಿಯ ನಡುವೆ ಆ ಪ್ಲೇಟು ಬಿಟ್ಟುಕೊಂಡರೆ ಏಣಿ ಹತ್ತಲು ಅವರಿಗೆ ಪುರುಸೊತ್ತು ಸಿಗುವುದಿಲ್ಲ. ತೆಳು ಉಕ್ಕಿಗೆಂದೇ ಇರುವ ಸಣ್ಣ ಪ್ರೋಬನ್ನು ತೆಗೆದುಕೊಂಡು ಮರುದಿನವೇ ಹೋದೆ. ಫೋನು ಮಾಡಿದ್ದಕ್ಕೆ ಚೀಫ್ ಕೂಡ ಬಂದರು, ಮಂಗಳವಾರವಾದರೂ.

ಅದೇ ಪ್ಲೇಟು. ಎರಡು ಪಾಯಿಂಟ್ ಎಂಟು. ಎರಡು ಪಾಯಿಂಟ್ ಏಳು. ಎರಡು ಪಾಯಿಂಟ್ ಏಳು. ಸುತ್ತಲಿನ ಪ್ಲೇಟುಗಳೆಲ್ಲ ಮೊದಲಿನಂತೆ ಏಳರ ಆಸುಪಾಸು. ನಾನು ಅಂಕಿಗಳನ್ನು ಕೂಗುವುದನ್ನು ನಿಲ್ಲಿಸಿದೆ.

ಚೀಫ್ ಮೊಣಕಾಲೂರಿ ಬಗ್ಗಿ, ಪ್ಲೇಟಿನ ಅಂಚಿನ ವೆಲ್ಡಿಂಗಿನ ಮೇಲೆ ಬೆರಳಾಡಿಸಿದರು. “ನೋಡಿ ಇಲ್ಲಿ. ಈ ಗೆರೆಯಿಂದ ಆಚೆ ಏಳು, ಈಚೆ ಎರಡೂ ಮುಕ್ಕಾಲು. ಅಲ್ಲವಾ?”

“ಹೌದು ಸರ್.”

“ನೀರು ಎರಡೂ ಕಡೆಗೆ ಒಂದೇ. ತುಕ್ಕಿಗೆ ಈ ವೆಲ್ಡಿಂಗ್ ಗೆರೆ ಗೊತ್ತಾಗ್ತದಾ? ಇಲ್ಲಿಯವರೆಗೆ ತಿನ್ನುದು, ಇಲ್ಲಿಂದ ಆಚೆ ತಿನ್ನುದಿಲ್ಲ ಅಂತ?”

“ಯಾವಾಗ್ಲೋ ರಿಪೇರಿಗೆ ತೆಳು ಪ್ಲೇಟ್ ಹಾಕಿರ್ತಾರೆ ಸರ್.”

“ನಾರ್ವೆಯವರು ಎಂಜಿನ್ ಅಡಿಗೆ ತೆಳು ಪ್ಲೇಟ್ ಹಾಕ್ಲಿಕ್ಕಿಲ್ಲ ಮಾರಾಯ್ರೇ. ನಂಗೆ ಎಂತದೋ ಸರಿ ಕಾಣುದಿಲ್ಲ. ಒಂದು ಸಣ್ಣ ತೂತು ಕೊರೆದು ನೋಡಿದ್ರೆ ಗೊತ್ತಾಗ್ತದೆ.”

“ನೀರಲ್ಲಿ ನಿಂತಿರೋ ಹಡಗಿಗೆ ತೂತು ಕೊರೆಯಕ್ಕಾಗುತ್ತಾ ಸರ್?”

ಆಗುತ್ತಿತ್ತು. ಡೈವರೊಬ್ಬನನ್ನು ಇಳಿಸಿ, ಹೊರಗಿನಿಂದ ಅಯಸ್ಕಾಂತದ ಪ್ಯಾಚು ಹಿಡಿಸಿ ಕೊರೆಯಬಹುದಿತ್ತು. ನನಗೆ ಅದು ಗೊತ್ತೂ ಇತ್ತು. ಅಥವಾ ಮರುದನಿಯ ಪೂರ್ತಿ ಚಿತ್ರವನ್ನೇ ಪರದೆಯ ಮೇಲೆ ತೋರಿಸುವ ನಮ್ಮ ದೊಡ್ಡ ಯಂತ್ರಕ್ಕೆ ಕಾಯಬಹುದಿತ್ತು. ಅದು ಇನ್ನೊಂದು ಕೆಲಸಕ್ಕೆ ಹೋಗಿತ್ತು, ಮುಂದಿನ ವಾರ ಬರುವುದಿತ್ತು. ಆದರೆ ಸರ್ವೇಯರು ಶುಕ್ರವಾರಕ್ಕೆ ವರದಿ ಬೇಕೆಂದಿದ್ದ. ಅದೂ ನೆಪವೇ. ನಿಜ ಹೇಳುವುದಾದರೆ, ನನ್ನ ಒಂದು ತಪ್ಪನ್ನು ನಾನೇ ಹಿಡಿದಿದ್ದೆ, ಆ ಪ್ರಾಮಾಣಿಕತೆಯ ಬಿಸಿಯಲ್ಲಿ ಇದ್ದೆ. ತಪ್ಪು ಒಪ್ಪಿಕೊಂಡವಳ ಎರಡನೇ ಮಾತು ಸುಳ್ಳಾಗಲು ಸಾಧ್ಯವಿಲ್ಲ ಎಂಬ ಹಮ್ಮು ಬಂದುಬಿಟ್ಟಿತ್ತು. ಚೀಫ್ ಹೇಳಿದ್ದು, ಎಂಟು ವರ್ಷ ಎಂಜಿನ್ನು ತಿರುಗಿಸಿದ ಮುದುಕರ ಆಸೆಯ ಮಾತಾಗಿ ನನಗೆ ಕೇಳಿಸಿತು.

“ಸರ್, ನೀವು ಇದರೊಳಗೆ ಇರೋವಾಗ ಮುಳುಗಿದ್ರೆ ನಾನು ಏನಂತ ಬದುಕಲಿ?” ಎಂದೆ.

ಅವರು ಟವಲು ಬಿಚ್ಚಿ ಮುಖ ಒರೆಸಿಕೊಂಡರು. “ಬರೀರಿ ಹಾಗಾದ್ರೆ. ಮೆಷಿನ್ ತೋರ್ಸಿದ್ದನ್ನು ಬರೀಬೇಕು. ನಾನಾದ್ರೂ ಅದನ್ನೇ ಮಾಡ್ತಿದ್ದೆ,” ಎಂದರು. ಹೊರಡುವ ಮೊದಲು ಸಲಾಕೆ ಹಾಕಿ ಎಂಜಿನ್ನನ್ನು ಒಂದೂಕಾಲು ಸುತ್ತು ತಿರುಗಿಸಿದರು. ಶನಿವಾರವಲ್ಲದಿದ್ದರೂ, ಬಂದಿದ್ದೇನಲ್ಲ ಎಂದರು.

ಗುರುವಾರ ವರದಿ ಕಳಿಸಿದೆ. ಸರ್ವೇಯರು ಅದೇ ದಿನ ಮಧ್ಯಾಹ್ನ ಎಳೆಯಲು ಅನುಮತಿ ಇಲ್ಲ ಎಂದು ಬರೆದ. ಒಡತಿ ನನಗೆ ಒಂದೂ ಕೆಟ್ಟ ಮಾತು ಆಡಲಿಲ್ಲ. “ಶನಿವಾರ ನೀನು ಬೇರೆ ಥರ ಹೇಳಿದ್ದೆ,” ಎಂದಷ್ಟೇ ಹೇಳಿದಳು. ಬಂದರಿನವರಲ್ಲಿ ಇನ್ನೂ ಸ್ವಲ್ಪ ದಿನ ಬೇಡಿಕೊಂಡಳು, ಅವರು ಒಪ್ಪಲಿಲ್ಲ. ಗೂಡೊಲೆಗಳು ಇಟ್ಟಿಗೆ ಇಟ್ಟಿಗೆಯಾಗಿ ದಡಕ್ಕೆ ಬಂದವು. ಕೊಕ್ಕರೆಯನ್ನು ಯಾರೂ ಒಯ್ಯಲಿಲ್ಲ.

ಗುಜರಿಯವರು ಮೇಲಿನಿಂದ ಕತ್ತರಿಸುತ್ತ ಬಂದರು. ಮೊದಲು ಕ್ಯಾಪ್ಟನ್ನಿನ ಕೋಣೆ, ಆಮೇಲೆ ಪ್ರಯಾಣಿಕರು ಕಾಫಿ ಕುಡಿಯುತ್ತಿದ್ದ ಕೋಣೆ, ಆಮೇಲೆ ಕಾರ್ ಡೆಕ್ಕು. ಭಾರ ಇಳಿದಂತೆ ಹಡಗು ನೀರಿನಿಂದ ಮೇಲೆದ್ದು, ಇಷ್ಟು ವರ್ಷ ಮುಳುಗಿದ್ದ ಮೈ ಹಸಿರು ಹಸಿರಾಗಿ ಕಾಣತೊಡಗಿತು. ಎಂಜಿನ್ನನ್ನು ಕ್ರೇನಿನಿಂದ ಎತ್ತಿ ಬಾರ್ಜಿನ ಮೇಲಿಟ್ಟ ದಿನ ಚೀಫ್ ಬಂದಿದ್ದರು. ಅವರು ಬರುತ್ತಾರೆಂದು ಗೊತ್ತಿದ್ದರಿಂದಲೇ ನಾನೂ ಹೋಗಿದ್ದೆ. ನಾವು ಬೇಲಿಯ ಈಚೆ ನಿಂತಿದ್ದೆವು. ಅವರು ಅವತ್ತು ಅವಲಕ್ಕಿ ತಂದಿರಲಿಲ್ಲ.

ಎರಡು ವಾರ ಬಿಟ್ಟು, ಉಳಿದ ತಳವನ್ನು ದಡದ ಇಳಿಜಾರಿಗೆ ಎಳೆದು ಕತ್ತರಿಸುವಾಗ ಅಲ್ಲಿಯ ಮೇಸ್ತ್ರಿಗೆ ಫೋನು ಮಾಡಿ, ಎಂಜಿನ್ ಕೆಳಗಿನ ಆ ಪ್ಲೇಟಿನ ಒಂದು ಅಂಗೈಯಗಲದ ತುಂಡು ತೆಗೆದಿಡಲು ಕೇಳಿದೆ. ಆಫೀಸಿನ ದಾಖಲೆಗೆ ಎಂದೆ. ನನ್ನ ಅಂಕಿಯನ್ನು ಕಣ್ಣಾರೆ ನೋಡಿ ನೆಮ್ಮದಿ ಪಡಬೇಕಿತ್ತು, ನಿಜವಾದ ಕಾರಣ ಅದೇ. ಚೀಫ್‌ಗೂ ಹೇಳಿದೆ. ನಾನು ಹೋಗುವಷ್ಟರಲ್ಲಿ ಅವರು ಬಂದು, ಸೈಕಲ್ಲನ್ನು ಬೇಲಿಗೆ ಒರಗಿಸಿ ಕಾಯುತ್ತಿದ್ದರು.

ಮೇಸ್ತ್ರಿ ತುಂಡನ್ನು ನನ್ನ ಕೈಗೆ ಕೊಟ್ಟ. ಕೊಟ್ಟ ಕೂಡಲೇ ನನಗೆ ಗೊತ್ತಾಯಿತು, ಎರಡೂ ಮುಕ್ಕಾಲಿನ ಪ್ಲೇಟಿಗೆ ಅದು ತುಂಬ ಭಾರವಾಗಿತ್ತು. ಕ್ಯಾಲಿಪರ್ ಹಾಕಿದೆ. ಐದು ಪಾಯಿಂಟ್ ನಾಲ್ಕು. ಇನ್ನೊಂದು ಕಡೆ ಹಾಕಿದೆ, ಮತ್ತೊಂದು ಕಡೆ ಹಾಕಿದೆ. ಐದು ಪಾಯಿಂಟ್ ನಾಲ್ಕು, ಐದು ಪಾಯಿಂಟ್ ಆರು. ಕತ್ತರಿಸಿದ ಅಂಚನ್ನು ಅಂಗಿಯ ತೋಳಿಗೆ ಉಜ್ಜಿ ಬೆಳಕಿಗೆ ಹಿಡಿದೆ. ದಪ್ಪದ ಸರಿಮಧ್ಯದಲ್ಲಿ ಕೂದಲಿನಂಥ ಒಂದು ಕಪ್ಪು ಗೆರೆ, ಪದರ ಬಿಟ್ಟ ಚಪಾತಿಯ ಹಾಗೆ. ಕಾರ್ಖಾನೆಯಲ್ಲಿ ಉಕ್ಕನ್ನು ಉರುಳೆಗೆ ಕೊಟ್ಟ ದಿನವೇ ಬಂದ ಬಿರುಕು. ಸಣ್ಣ ಪ್ರೋಬಿನ ಶಬ್ದ ಆಚೆ ಬದಿಯವರೆಗೆ ಹೋಗಿಯೇ ಇರಲಿಲ್ಲ, ಆ ಗೆರೆಗೆ ತಾಗಿ ಅರ್ಧದಲ್ಲೇ ವಾಪಸು ಬಂದಿತ್ತು. ದೊಡ್ಡ ಪ್ರೋಬು ಅದೇ ಅರ್ಧವನ್ನು ಎರಡರಷ್ಟು ಮಾಡಿ, ತನ್ನ ದೋಷದಿಂದಲೇ ಸರಿಯಾದ ಅಂಕಿ ತೋರಿಸಿತ್ತು. ಟ್ಯಾಂಕುಗಳಲ್ಲಿ ಇಂಥದ್ದನ್ನು ನಾನು ನಾಲ್ಕಾರು ಸಲ ಕಂಡುಹಿಡಿದು ಶಹಬಾಸ್ ಅನ್ನಿಸಿಕೊಂಡವಳು. ಆ ಬಿರುಕನ್ನು ಹೊಟ್ಟೆಯೊಳಗಿಟ್ಟುಕೊಂಡೇ ಹಡಗು ಅಷ್ಟು ವರ್ಷ ಕಾರುಗಳನ್ನು ಹೊತ್ತಿತ್ತು, ಎರಡು ಸಾಗರ ಕಂಡಿತ್ತು. ಶಾಂತವಾದ ಕೊಲ್ಲಿಯಲ್ಲಿ ಒಂದು ಬೆಳಗಿನ ದಾರಿ ಅದಕ್ಕೆ ಲೆಕ್ಕವೇ ಆಗುತ್ತಿರಲಿಲ್ಲ.

ಚೀಫ್ ಕೈ ಚಾಚಿದರು. ಕೊಡದೆ ಇರಲು ನನಗೆ ಒಂದು ಕ್ಷಣ ಆಸೆಯಾಯಿತು. ಕೊಟ್ಟೆ.

ಅವರು ಕನ್ನಡಕ ಹಣೆಗೇರಿಸಿ, ಗೆರೆಯ ಉದ್ದಕ್ಕೂ ಹೆಬ್ಬೆರಳಿನ ಉಗುರು ಎಳೆದರು. ಎರಡು ಸಲ ಎಳೆದರು.

“ಎಷ್ಟುಂಟು?”

“ಐದು ಪಾಯಿಂಟ್ ನಾಲ್ಕು, ಸರ್.”

ಅವರು ಬೈಯಲಿ ಎಂದು ನಾನು ಕಾಯುತ್ತಿದ್ದೆ. ವೆಲ್ಡಿಂಗಿನ ಗೆರೆಯ ಮಾತನ್ನು ಎತ್ತಿ, ಹೇಳಿದ್ದೆನಲ್ಲ, ಕೇಳಿದೆಯಾ, ಎಂದು ಒಂದು ಸಲ ಕೂಗಿದ್ದರೆ ನಾನು ಅಲ್ಲೇ ಅತ್ತು ಹಗುರಾಗುತ್ತಿದ್ದೆ. ಅವರು ತುಂಡನ್ನು ನನ್ನ ಕೈಯಲ್ಲಿ ವಾಪಸು ಇಟ್ಟು, ಅದರ ಮೇಲೆ ನನ್ನ ಬೆರಳುಗಳನ್ನು ಮಡಚಿದರು.

“ಮೊದಲನೇ ಸಲ ಸರಿಯಾಗೇ ಅಳ್ದಿದ್ರಿ ನೀವು,” ಎಂದರು. ಅದರಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ್ದರು.